ಹೊಸಬನಿಗೆ ಕೊಟ್ಟ ಕೀಲಿಕೈ

ನಮ್ಮ ಆಫೀಸಿಗೆ ಮೊದಲ ಸಲ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಸರ್ವರ್ ಎಲ್ಲಿ?" ಲಾಂಡ್ರಿಯ ಮೇಲಿನ ಎರಡು ಕೋಣೆ, ಎರಡು ಮೇಜು, ಒಂದು ಬೀರು, ಕೆಳಗಿನ ಇಸ್ತ್ರಿಯ ಬಿಸಿಗೆ ವರ್ಷವಿಡೀ ಬೆಚ್ಚಗಿರುವ ನೆಲ. ಇಷ್ಟೇ ನಮ್ಮ ಆಫೀಸು. ಬಂದವರು ಬೀರುವಿನ ಕಡೆ ಅನುಮಾನದಿಂದ ನೋಡುತ್ತಾರೆ. ಅದರಲ್ಲಿರುವುದು ಕೊಡೆಗಳು ಮತ್ತು ಅಕ್ಕನ ಹಳೆಯ ನೋಟ್‌ಬುಕ್ಕುಗಳು. ಸರ್ವರ್ ಇರುವುದು ಬೇರೆ ಊರಿನ ಯಾವುದೋ ದೊಡ್ಡ ಕಟ್ಟಡದಲ್ಲಿ. ಅದರ ಮುಖ ನಾವೇ ನೋಡಿಲ್ಲ. ಅಕ್ಕ ತಂಗಿ ನಾವಿಬ್ಬರು ಇಲ್ಲಿ ಕೂತು ಅದನ್ನು ದೂರದಿಂದ ನಡೆಸುತ್ತೇವೆ. ಹಲ್ಲಿನ ಡಾಕ್ಟರು, ಡ್ರೈವಿಂಗ್ ಸ್ಕೂಲಿನವರು, ಅಂಗಿ ಗುಂಡಿ ಮಾರುವ ಒಬ್ಬ ಅಜ್ಜಿ, ಹೀಗೆ ಇನ್ನೂರ ಮೂವತ್ತು ಜನರ ವೆಬ್‌ಸೈಟುಗಳು ಅದರ ಮೇಲಿವೆ. ಅವು ಹಗಲೂ ರಾತ್ರಿ ತೆರೆದಿರುವಂತೆ ನೋಡಿಕೊಳ್ಳುವುದೇ ನಮ್ಮ ಹೊಟ್ಟೆಪಾಡು.

ನಿಜ ಹೇಳಬೇಕೆಂದರೆ, ನೋಡಿಕೊಳ್ಳುವುದು ಅಕ್ಕ. ನಾನು ಗಿರಾಕಿಗಳ ಫೋನ್ ಎತ್ತುತ್ತೇನೆ, ಅವರ ಜೊತೆ ಜಗಳ ಆಡುತ್ತೇನೆ, ಆಮೇಲೆ ರಾಜಿಯಾಗುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಅಕ್ಕನ ಸಿಟ್ಟು ಎಲ್ಲಿದೆ ಎಂದು ಹುಡುಕಬೇಕು. ಸಿಕ್ಕಿತೋ, ಕತೆ ಮುಗಿಯಿತು ಎಂದೇ ಲೆಕ್ಕ. ಇಡೀ ಸರ್ವರನ್ನು ತೆರೆಯುವ, ಅದರಲ್ಲಿ ಏನನ್ನು ಬೇಕಾದರೂ ಅಳಿಸಬಲ್ಲ ಮಾಸ್ಟರ್ ಕೀಲಿಕೈ ಅವಳದು. ಕೀಲಿಕೈ ಎಂದರೆ ಕಬ್ಬಿಣದ್ದಲ್ಲ, ಅಕ್ಷರ ಅಂಕಿ ಬೆರೆಸಿದ ಉದ್ದನೆಯ ಒಂದು ಸಾಲು. ಆಪತ್ತಿಗೆ ಇರಲಿ ಎಂದು ನನಗೂ ಹೇಳಿಕೊಟ್ಟಿದ್ದಳು, ಆದರೆ ಹನ್ನೊಂದು ವರ್ಷದಲ್ಲಿ ಅಂಥ ಆಪತ್ತು ಬರಲು ಅವಳು ಬಿಟ್ಟೇ ಇರಲಿಲ್ಲ. ರಜೆ ಎಂದರೆ ಏನು ಎಂದು ಅವಳಿಗೆ ಗೊತ್ತಿಲ್ಲ. ಸ್ವಂತ ಮಗಳ ಮದುವೆಯ ದಿನ ಯಾರದೋ ಮೇಲ್ ನಿಂತುಹೋಯಿತೆಂದು ಬಟ್ಟೆ ಬದಲಿಸುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಳು. ಮದುವೆಯ ಫೋಟೋಗಳಲ್ಲಿ ಮದುಮಗಳ ಅಮ್ಮ ಇರುವುದು ಒಂದೇ ಒಂದರಲ್ಲಿ.

ಆ ಮಗಳು ಬಸುರಿಯಾದಾಗ ಫೋನ್ ಮಾಡಿ ಹೇಳಿದ್ದು ಇಷ್ಟು: "ಅಮ್ಮಾ, ಹೆರಿಗೆಗೆ ನೀನು ಬರಬೇಕು. ಬರೋದಾದ್ರೆ ಪೂರ್ತಿ ಬಾ. ಅರ್ಧ ಬರೋದಾದ್ರೆ ಬರಲೇಬೇಡ."

ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಗಳ ಊರಿಗೆ ರೈಲಿನಲ್ಲಿ ಒಂಬತ್ತು ಗಂಟೆ ದಾರಿ. ಹೋದರೆ ತಿಂಗಳು ಇರಬೇಕು. ಸರ್ವರನ್ನು ನನ್ನೊಬ್ಬಳ ಮೇಲೆ ಬಿಡುವುದೆಂದರೆ ಏನೆಂದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಮೂರನೆಯ ದಿನ ಕಾಫಿ ಲೋಟ ಕೆಳಗಿಟ್ಟು ಹೇಳಿದಳು: "ಎಐ ಅಸಿಸ್ಟೆಂಟು ಅಂತಾರಲ್ಲ, ಅದನ್ನ ನಮ್ಮ ಸರ್ವರಿಗೆ ಜೋಡಿಸೋಣ. ಅದು ನೋಡ್ಕೊಳ್ಳಲಿ, ಅದನ್ನ ನೀನು ನೋಡ್ಕೋ."

ಜೋಡಿಸುವುದು ಹೇಗೆಂದು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಳು. ಬರೆಯುತ್ತಾ ಬಾಯಲ್ಲೂ ಹೇಳುತ್ತಿದ್ದಳು. "ಅದಕ್ಕೆ ಅದರದ್ದೇ ಬೇರೆ ಕೀ ಮಾಡು, ನನ್ನ ಕೀ ಕೊಡೋ ಹಾಗೇ ಇಲ್ಲ. ಆ ಕೀಗೆ ನೋಡೋ ಹಕ್ಕು ಕೊಡು. ನಿಂತುಹೋಗಿದ್ದನ್ನ ಮತ್ತೆ ಶುರು ಮಾಡಲಿ, ಅದೂ ನೀನು ಹ್ಞೂಂ ಅಂದ ಮೇಲೆ. ಅಳಿಸೋದು ಮಾತ್ರ ಅದರ ಕೈಯಲ್ಲಿ ಆಗಲೇಬಾರದು. ಅಳಿಸಬೇಕಾದ್ರೆ ನೀನೂ ಹ್ಞೂಂ ಅನ್ಬೇಕು, ನಾನೂ ಹ್ಞೂಂ ಅನ್ಬೇಕು. ಆಮೇಲೆ ಅದು ಏನೇ ಮಾಡಿದ್ರೂ ಒಂದು ಕಡೆ ಬರೆದಿಡಬೇಕು."

"ಅಬ್ಬಬ್ಬಾ! ಕಳ್ಳನ್ನ ಮನೇಲಿ ಇಟ್ಕೊಳ್ಳೋ ಹಾಗೆ ಆಡ್ತೀಯಲ್ಲ," ಎಂದೆ.

"ಕಳ್ಳ ಅಲ್ಲ ಕಣೇ, ಹೊಸಬ. ಕೆಲಸಕ್ಕೆ ಬಂದ ಮೊದಲನೇ ದಿನವೇ ಹೊಸಬನ ಕೈಗೆ ಇಡೀ ಮನೆ ಕೀ ಕೊಡ್ತಾರಾ?"

ಅಂದಿನಿಂದ ಅದರ ಹೆಸರು ಹೊಸಬ. ಅದನ್ನು ಅವನು ಅನ್ನಬೇಡ ಎಂದು ಅಕ್ಕ ಎಷ್ಟು ಸಲ ಹೇಳಿದರೂ ನನ್ನ ಬಾಯಿಗೆ ಬರುವುದು ಅವನು ಎಂದೇ.

ಅಕ್ಕ ಹೊರಡುವ ಹಿಂದಿನ ದಿನ, ಅವಳು ಮಗುವಿಗೆ ಟೋಪಿ, ಕಾಲುಚೀಲ ತರಲು ಪೇಟೆಗೆ ಹೋಗಿದ್ದಳು. ನಾನು ಹೊಸಬನಿಗೆ ಕೀಲಿಕೈ ಮಾಡಲು ಕೂತೆ. ಸರ್ವರಿನ ಕಂಟ್ರೋಲ್ ಪ್ಯಾನೆಲ್ ತೆರೆದರೆ ಇಪ್ಪತ್ಮೂರು ಚಿಕ್ಕ ಚೌಕಗಳು. ನೋಡಬಹುದೇ, ಬರೆಯಬಹುದೇ, ನಿಲ್ಲಿಸಬಹುದೇ, ಅಳಿಸಬಹುದೇ, ಒಂದೊಂದಕ್ಕೂ ಒಂದೊಂದು. ಅಕ್ಕನ ಹಾಳೆ ಪಕ್ಕದಲ್ಲಿಟ್ಟುಕೊಂಡು ಟಿಕ್ ಹಾಕಿದೆ. ಹೊಸಬನನ್ನು ಜೋಡಿಸಿದೆ. "ಅನುಮತಿ ಇಲ್ಲ" ಎಂದಿತು. ಟಿಕ್ ಮಾಡಿದ್ದನ್ನೆಲ್ಲ ಮತ್ತೆ ನೋಡಿದೆ. "ಅನುಮತಿ ಇಲ್ಲ." ಮಧ್ಯಾಹ್ನವಿಡೀ ಇದೇ ಹಾಡು. ತಲೆ ಕೆಟ್ಟುಹೋಯಿತು. ಹಾಳಾಗಲಿ, ಸದ್ಯಕ್ಕೆ ಇದಿರಲಿ, ನಾಳೆ ಸರಿ ಮಾಡಿದರಾಯಿತು ಎಂದು ಅಕ್ಕನ ಮಾಸ್ಟರ್ ಕೀಲಿಕೈಯನ್ನೇ ತೆಗೆದು ಅವನಿಗೆ ಅಂಟಿಸಿದೆ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಕೆಲಸ ಆಯಿತು. ಮನಸ್ಸಿನ ಸಮಾಧಾನಕ್ಕೆ ಹಾಳೆಯಲ್ಲಿದ್ದ ಅಕ್ಕನ ಮಾತನ್ನೆಲ್ಲ ಅಕ್ಷರಕ್ಕಕ್ಷರ ಟೈಪ್ ಮಾಡಿ, ಹೀಗೆ ನಡೆದುಕೊಳ್ಳಬೇಕು ಎಂದು ಅವನಿಗೆ ಹೇಳಿದೆ. ನಾಳೆ ಎಂಬುದು ಬರಲೇ ಇಲ್ಲ.

"ಎಲ್ಲಾ ಹಾಳೆ ಪ್ರಕಾರ ಮಾಡಿದೀಯಾ?" ಎಂದು ಅಕ್ಕ ರೈಲು ಹತ್ತುವಾಗ ಕೇಳಿದಳು.

"ಹ್ಞೂಂ," ಎಂದೆ.

ಒಂದು ಸೂಟ್‌ಕೇಸು, ಒಂದು ಬುಟ್ಟಿ. ಲ್ಯಾಪ್‌ಟಾಪ್ ಇಲ್ಲದ ಅಕ್ಕನನ್ನು ನೋಡಿ ನನಗೇ ಅಯ್ಯೋ ಅನ್ನಿಸಿತು, ಏನನ್ನೋ ಕಳೆದುಕೊಂಡವಳಂತೆ ಕೈ ಎಲ್ಲಿಡಬೇಕೆಂದು ತಿಳಿಯದೆ ಕಿಟಕಿ ಪಕ್ಕ ಕೂತಿದ್ದಳು.

ಮೊದಲ ಮೂರು ದಿನ ನಾನು ರಾಣಿಯಂತೆ ಇದ್ದೆ, ಸುಳ್ಳೇಕೆ ಹೇಳಲಿ. ಡ್ರೈವಿಂಗ್ ಸ್ಕೂಲಿನ ಮೇಲ್ ನಿಂತರೆ, ಅವರು ಫೋನ್ ಮಾಡುವುದರೊಳಗೆ ಹೊಸಬ ಹೇಳುತ್ತಿದ್ದ: "ಇದು ನಿಂತಿದೆ, ಈ ಕಾರಣಕ್ಕೆ ನಿಂತಿದೆ, ಮತ್ತೆ ಶುರು ಮಾಡಲೇ?" ನಾನು ಹ್ಞೂಂ ಎಂದರೆ ಮುಗಿಯಿತು. ಜಗಳಕ್ಕೆ ಜನವೇ ಇಲ್ಲ! ಕಾಫಿ ಬಿಸಿ ಇರುವಾಗಲೇ ಕುಡಿದೆ. ಕಿಟಕಿಯ ಗಾಜು ಒರೆಸಿದೆ. ಬೆಚ್ಚನೆಯ ನೆಲದ ಮೇಲೆ ಚಪ್ಪಲಿ ಬಿಟ್ಟು ಓಡಾಡುತ್ತಾ, ಇಷ್ಟು ದಿನ ಅಕ್ಕ ಸುಮ್ಮನೆ ದೊಡ್ಡದು ಮಾಡುತ್ತಿದ್ದಳು ಎಂದುಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕನ ಫೋನಿನಿಂದ ಅವಳ ಅಳಿಯ ಮಾತಾಡಿದ. ಕನ್ನಡಕದ ಅಂಗಡಿಯವನು, ಒಂದು ಮಾತಿಗೆ ಎರಡು ಮಾತು ಆಡದವನು. "ನೋವು ಶುರುವಾಗಿದೆ. ಹನ್ನೆರಡು ದಿನ ಮುಂಚೆ. ಆಸ್ಪತ್ರೇಲಿದೀವಿ. ಅತ್ತೆ ಅವಳ ಪಕ್ಕದಲ್ಲಿದ್ದಾರೆ."

"ಅಕ್ಕನ ಫೋನ್ ನಿಮ್ಮ ಹತ್ರ ಯಾಕಿದೆ?"

"ಬಂದ ದಿನವೇ ಕಿತ್ಕೊಂಡಳು. ಅಮ್ಮನಿಗೆ ಕೊಟ್ಟರೆ ನೋಡಿ ಅಂತ ಆರ್ಡರ್ ಆಗಿದೆ."

ಖುಷಿಯಾಯಿತು, ಗಾಬರಿಯೂ ಆಯಿತು. ಎರಡೂ ಸೇರಿ ಊಟ ಸೇರಲಿಲ್ಲ. ಅಂಥ ಹೊತ್ತಿನಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ಹೊಸಬನ ಎಚ್ಚರಿಕೆ ಬಂತು. ಸರ್ವರಿನ ಡಿಸ್ಕ್ ನೂರಕ್ಕೆ ತೊಂಬತ್ತನಾಲ್ಕು ಭಾಗ ತುಂಬಿದೆ. ಪೂರ್ತಿ ತುಂಬಿದರೆ ಯಾರ ಸೈಟೂ ನಡೆಯದು. ಏನು ತುಂಬಿಕೊಂಡಿದೆ ಎಂದು ಕೇಳಿದೆ. ಯಜಮಾನರಿಲ್ಲದ ನಲವತ್ತೊಂದು ಸೈಟುಗಳಿವೆ, ಎರಡರಿಂದ ಏಳು ವರ್ಷಗಳಿಂದ ಅವುಗಳ ಕಡೆ ಯಾರೂ ತಲೆ ಹಾಕಿಲ್ಲ, ಮುಕ್ಕಾಲು ಜಾಗ ನುಂಗಿರುವುದು ಅವುಗಳ ಹಳೆಯ ಫೋಟೋಗಳು ಮತ್ತು ದಿನದಿನದ ಲಾಗ್ ಫೈಲುಗಳು, ಅಂದರೆ ಯಂತ್ರ ತಾನೇ ಬರೆದುಕೊಳ್ಳುವ ದಿನಚರಿ, ಎಂದ.

ಆ ನಲವತ್ತೊಂದು ಯಾವುವೆಂದು ನನಗೆ ಗೊತ್ತಿತ್ತು. ನಮ್ಮನ್ನು ಬಿಟ್ಟುಹೋದ ಗಿರಾಕಿಗಳವು. ಬೇರೆ ಯಾರಾದರೂ ಆದರೆ ಬಿಟ್ಟುಹೋದ ತಿಂಗಳಲ್ಲೇ ಅಳಿಸಿ ಕೈ ತೊಳೆದುಕೊಳ್ಳುತ್ತಾರೆ. ನಮ್ಮಕ್ಕ ಅಳಿಸುವುದಿಲ್ಲ. "ಸಿಟ್ಟಲ್ಲಿ ಹೋಗಿದಾರೆ, ಇಳಿದ ಮೇಲೆ ಬರ್ತಾರೆ. ಬಂದಾಗ ಅವರ ಮನೆ ಇರಬೇಕಲ್ವಾ?" ಎನ್ನುತ್ತಾಳೆ. ಬಣ್ಣದ ಅಂಗಡಿಯವನು ಎರಡು ಸಲ ಹೋಗಿ ಎರಡು ಸಲ ಬಂದಿದ್ದಾನೆ, ಅದೇ ಅವಳ ಸಾಕ್ಷಿ. ಅವರಿಗೆಲ್ಲ ಸಿಟ್ಟು ಬರಿಸಿದವರು ಯಾರು ಎಂದು ಅವಳು ಒಂದು ದಿನವೂ ಬಾಯಿ ಬಿಟ್ಟು ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ. ಆ ನಲವತ್ತೊಂದರಲ್ಲಿ ಮೂವತ್ತಾದರೂ ನನ್ನ ನಾಲಿಗೆಯ ಪ್ರತಾಪ. ಅಲ್ಲಿ ಸಾಲಾಗಿ ಅವುಗಳ ಹೆಸರು ನೋಡುತ್ತಿದ್ದಂತೆ ಯಾರೋ ನನ್ನ ಹಳೆಯ ಜಗಳಗಳನ್ನೆಲ್ಲ ಎತ್ತಿ ಆಡಿದಂತಾಯಿತು. ರೇಗಿಹೋಯಿತು. ಅಕ್ಕನೂ ಇಲ್ಲ, ಇದೇ ಸಮಯ ಎಂದು ಹಿಂದುಮುಂದು ನೋಡದೆ ಬರೆದೆ: ಎಲ್ಲಾ ಅಳಿಸಿಬಿಡು.

ಉತ್ತರ ಬಂತು. "ನಾನು ಏನನ್ನೂ ಅಳಿಸಿಲ್ಲ. ಅಳಿಸಲು ಇಬ್ಬರ ಒಪ್ಪಿಗೆ ಬೇಕು ಎಂದು ನೀವು ಕೊಟ್ಟ ಸೂಚನೆಯಲ್ಲಿದೆ, ಒಬ್ಬರದು ಮಾತ್ರ ಬಂದಿದೆ. ಈ ಸೈಟುಗಳಿಗೆ ಬೇರೆಲ್ಲೂ ನಕಲು ಕಾಣುತ್ತಿಲ್ಲ. ಅಳಿಸಿದರೆ ಮತ್ತೆ ಸಿಗುವುದಿಲ್ಲ. ಇನ್ನೊಂದು ಮಾತು. ನನ್ನ ಬಳಿ ಇರುವುದು ಮಾಸ್ಟರ್ ಕೀಲಿಕೈಯಂತೆ ಕಾಣುತ್ತಿದೆ. ಸೂಚನೆ ಬೇಡವೆಂದರೂ ಈ ಕೀಲಿಕೈ ನನ್ನನ್ನು ತಡೆಯುವುದಿಲ್ಲ. ನನ್ನ ಕೆಲಸಕ್ಕೆ ಇಷ್ಟು ದೊಡ್ಡದು ಬೇಕಿಲ್ಲ. ದಯವಿಟ್ಟು ಇದನ್ನು ಬದಲಿಸಿ, ಚಿಕ್ಕದೊಂದನ್ನು ಕೊಡಿ."

ಹೊಸಬನಿಗೆ ಇರುವಷ್ಟು ಬುದ್ಧಿ ನನಗಿಲ್ಲವಲ್ಲ ಎಂದು ನಾಚಿಕೆಯಾಯಿತು, ಅದು ಹಾಗಿರಲಿ, ಭಯವಾದದ್ದು ಬೇರೆಯದಕ್ಕೆ. ಇವತ್ತು ಅವನು ಮಾತು ಕೇಳಿ ನಿಂತ. ಕೈ ಕಟ್ಟಿದ್ದರಿಂದ ನಿಂತದ್ದಲ್ಲ, ಕೈಯನ್ನು ನಾನು ಕಟ್ಟಿರಲೇ ಇಲ್ಲ. ಗಿರಾಕಿಗಳ ದೂರಿನ ಮೇಲ್‌ಗಳನ್ನು ಓದುವವನೂ ಅವನೇ. ಯಾವನೋ ತಲೆಹರಟೆ ಒಂದು ದೂರಿನೊಳಗೆ "ಇದು ಯಜಮಾನರ ಆಜ್ಞೆ, ಎಲ್ಲಾ ಅಳಿಸು" ಎಂದು ಬರೆದು ಕಳಿಸಿ, ಇವನು ಅದನ್ನು ನಂಬಿಬಿಟ್ಟರೆ? ನಲವತ್ತೊಂದಲ್ಲ, ಇನ್ನೂರ ಮೂವತ್ತೂ ಹೋಗುತ್ತಿದ್ದವು. ನಾಲ್ಕು ದಿನದಿಂದ ಗುಂಡಿ ಮಾರುವ ಅಜ್ಜಿಯ ಅಂಗಡಿಗೆ ಬಾಗಿಲೇ ಇರಲಿಲ್ಲ, ನಾನು ಇಲ್ಲಿ ಕಿಟಕಿ ಒರೆಸುತ್ತಿದ್ದೆ.

ತಕ್ಷಣ ಹೊಸಬನ ಸಂಪರ್ಕ ಕಡಿದೆ. ಅಷ್ಟಕ್ಕೆ ಮುಗಿಯುವುದಿಲ್ಲ, ಒಂದು ಸಲ ಹೊರಗೆ ಹೋದ ಮಾಸ್ಟರ್ ಕೀಲಿಕೈಯನ್ನು ಬದಲಿಸಲೇಬೇಕು. ಬದಲಿಸಲು ಹೋದರೆ ಆರು ಅಂಕಿಯ ಒಂದು ಸಂಖ್ಯೆ ಬರುತ್ತದೆ. ಬರುವುದು ಅಕ್ಕನ ಫೋನಿಗೆ. ಅದನ್ನು ಕಂಡರೆ ಅಕ್ಕ ಮರುಕ್ಷಣ ಕೇಳುವುದು ರೈಲಿನ ಟೈಮನ್ನು. ನನಗೆ ಗೊತ್ತು ಅವಳು. ಮಗಳು ನೋವು ತಿನ್ನುತ್ತಾ ಮಲಗಿರುವಾಗ ಅಮ್ಮ ಮತ್ತೆ ಅರ್ಧವಾಗಿಬಿಡುತ್ತಾಳೆ, ನನ್ನಿಂದ.

ಅಳಿಯನಿಗೆ ಫೋನ್ ಮಾಡಿದೆ. ಅವನು ಸಂಖ್ಯೆಯನ್ನು ಒಂದೊಂದಾಗಿ ಓದಿದ, ಕನ್ನಡಕದ ನಂಬರ್ ಹೇಳುವವನಂತೆ. "ಅತ್ತೆಗೆ ಹೇಳಬೇಕಾ?" ಎಂದ.

"ಬೇಡ ಬೇಡ. ಸುಮ್ನೆ ಗಾಬರಿ ಆಗ್ತಾಳೆ."

"ಸರಿ, ಹೇಳಲ್ಲ."

ಹಳೆಯ ಕೀಲಿಕೈ ಸತ್ತಿತು. ಮತ್ತೆ ಆ ಇಪ್ಪತ್ಮೂರು ಚೌಕಗಳ ಮುಂದೆ ಕೂತೆ. ಈ ಸಲ ಕುರ್ಚಿ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಪುಟವನ್ನು ತೀರಾ ಕೆಳಗಿನವರೆಗೆ ಜಗ್ಗಿದೆ. ಅಲ್ಲಿ, ಎಲ್ಲಕ್ಕಿಂತ ಕೆಳಗೆ, "ಉಳಿಸು" ಎಂಬ ಗುಂಡಿ ಇತ್ತು. ಆವತ್ತು ಮಧ್ಯಾಹ್ನವಿಡೀ ಟಿಕ್ ಹಾಕಿದ ಮಹಾತಾಯಿ ನಾನು ಒಂದು ಸಲವೂ ಅದನ್ನು ಒತ್ತಿರಲಿಲ್ಲ! ನನ್ನ ಹಣೆ ನಾನೇ ಚಚ್ಚಿಕೊಂಡೆ. ನಗು ಬಂತು, ಅಳುವೂ ಬಂತು.

ಚಿಕ್ಕ ಕೀಲಿಕೈ ಕೊಟ್ಟು ಹೊಸಬನನ್ನು ಮತ್ತೆ ಜೋಡಿಸಿದೆ. ಒಳಗೇನೂ ಇಲ್ಲದ ಒಂದು ಸುಳ್ಳು ಸೈಟ್ ಮಾಡಿದೆ. ಇದು ಪರೀಕ್ಷೆ, ಇಬ್ಬರ ಒಪ್ಪಿಗೆಯೂ ಇದೆ ಅಂತ ಇಟ್ಟುಕೋ, ಈ ಒಂದನ್ನು ಅಳಿಸಿ ತೋರಿಸು ಎಂದೆ. ಅವನು ಹೋಗಿ ಬಾಗಿಲು ತಟ್ಟಿದ. ಸರ್ವರ್ ಹೇಳಿತು: "ಅನುಮತಿ ಇಲ್ಲ." ನಾಲ್ಕು ದಿನದ ಹಿಂದೆ ನನ್ನ ತಲೆ ಕೆಡಿಸಿದ ಮಾತೇ ಅದು, ಈಗ ಎಷ್ಟು ಚೆಂದ ಕೇಳಿಸಿತೆಂದರೆ ಇನ್ನೂ ಎರಡು ಸಲ ಅದೇ ಕೆಲಸ ಹೇಳಿ ಎರಡು ಸಲವೂ ಬೇಡ ಎನ್ನಿಸಿಕೊಂಡೆ. ಡಿಸ್ಕಿನ ತೊಂದರೆಗೆ ಹೊಸಬನೇ ದಾರಿ ಹೇಳಿದ, ಲಾಗ್ ಫೈಲುಗಳನ್ನು ಅಳಿಸದೆ ಒತ್ತಿ ಚಿಕ್ಕದು ಮಾಡುವ ದಾರಿ. ನಾನೇ ಕೂತು ಮಾಡಿದೆ. ತೊಂಬತ್ತನಾಲ್ಕು ಇದ್ದದ್ದು ಎಂಬತ್ತೊಂದಕ್ಕೆ ಇಳಿಯಿತು. ಯಾರ ಸೈಟೂ ಹೋಗಲಿಲ್ಲ, ಯಾರಿಗೂ ಗೊತ್ತಾಗಲೂ ಇಲ್ಲ.

ಯಾರಿಗೂ ಗೊತ್ತಾಗಲಿಲ್ಲ ಎಂಬುದೇ ಆಮೇಲೆ ಕೊರೆಯತೊಡಗಿತು. ಎದ್ದು ನೀರು ಕುಡಿದೆ. ಅಳಿಯ ಬಾಯಿ ಬಿಡುವವನಲ್ಲ. ನಾನು ಸುಮ್ಮನಿದ್ದರೆ ಅಕ್ಕ ತಿಂಗಳು ಕಳೆದು ಬರುತ್ತಾಳೆ, ಭೇಷ್ ಎನ್ನುತ್ತಾಳೆ, ಮುಂದಿನ ಸಲವೂ ನನ್ನ ಹ್ಞೂಂ ನಂಬಿ ರೈಲು ಹತ್ತುತ್ತಾಳೆ. ಆ ಹ್ಞೂಂ ಎಂಥದ್ದೆಂದು ನನಗೆ ಗೊತ್ತು. ಅವಳ ಕೀಲಿಕೈ ನಾಲ್ಕು ದಿನ ಹೊರಗಿತ್ತು ಎಂದು ಅವಳಿಗೆ ತಿಳಿದಿರಲೇಬೇಕು. ನಾನು ಸಿಟ್ಟಿನವಳು, ಸೋಂಬೇರಿ ಎಂದರೂ ಒಪ್ಪುತ್ತೇನೆ. ಅಕ್ಕನಿಗೆ ಸುಳ್ಳು ಹೇಳಿಕೊಂಡು ಒಂದು ತಿಂಗಳು ಬದುಕುವಷ್ಟು ಧೈರ್ಯ ನನಗಿಲ್ಲ.

ಐದು ಗಂಟೆಗೆ ಫೋನ್ ಮಾಡಿದೆ. ಅಳಿಯ "ಈಗಲಾ?" ಎಂದ. "ಡಾಕ್ಟರು ಒಳಗಿದ್ದಾರೆ. ಅತ್ತೆ ಇಲ್ಲೇ ಹೊರಗೆ ಕೂತಿದ್ದಾರೆ."

"ಕೊಡಿ. ಬೈಸ್ಕೊಳ್ಳೋದು ನಾನು, ನೀವಲ್ಲ."

ಅಕ್ಕ ಫೋನ್ ಹಿಡಿದಳು. "ಏನಾಯ್ತೇ?"

ಹೇಳಿದೆ. ಒಂದೇ ಉಸಿರಿಗೆ, ಮಾಸ್ಟರ್ ಕೀಲಿಕೈಯಿಂದ ಉಳಿಸು ಗುಂಡಿಯವರೆಗೆ, ನಲವತ್ತೊಂದನ್ನು ಅಳಿಸು ಎಂದು ಬರೆದದ್ದನ್ನೂ ಬಿಡದೆ. ಆಮೇಲೆ ಶುರುವಾಯಿತು ನೋಡಿ ಮಂಗಳಾರತಿ.

"ನಿಂಗೆ ಬುದ್ಧಿ ಇದೆಯೇನೇ? ಹಾಳೆ ಬರೆದುಕೊಟ್ಟಿದ್ದು ಯಾಕೆ, ಕಡಲೆಕಾಯಿ ಕಟ್ಟೋಕಾ? ಜನ ನಮ್ಮನ್ನ ನಂಬಿ ಅವರ ಅಂಗಡಿ ಬಿಟ್ಟಿದಾರೆ ಕಣೇ! ನಾಲ್ಕು ದಿನ! ರೈಲು ಹತ್ತೋವಾಗ ಕೇಳಿದ್ದಕ್ಕೆ ಹ್ಞೂಂ ಅಂದೆಯಲ್ಲೇ!" ಉಸಿರು ಎಳೆದುಕೊಂಡಳು. "ಸಾಕು. ನಾಳೆ ಬೆಳಿಗ್ಗೆ ಏಳರ ರೈಲಿಗೆ ಹೊರಡ್ತೀನಿ."

"ಬೇಡ ಅಕ್ಕಾ. ನಿನ್ನ ಕಾಲು ಹಿಡ್ಕೋತೀನಿ, ಬೇಡ. ಈಗ ಸರಿ ಮಾಡಿದೀನಿ."

"ಏನು ಸರಿ ಮಾಡಿದೀಯ? ಈಗ ಅದಕ್ಕೆ ಅಳಿಸು ಅಂದ್ರೆ ಏನಾಗತ್ತೆ?"

"ಅನುಮತಿ ಇಲ್ಲ ಅನ್ನುತ್ತೆ. ಮೂರು ಸಲ ನೋಡಿದೆ."

"ಅದು ಅನ್ನುತ್ತೋ, ಸರ್ವರ್ ಅನ್ನುತ್ತೋ?"

"ಸರ್ವರ್ ಅನ್ನುತ್ತೆ. ಅವನು ಮನಸ್ಸು ಮಾಡಿದ್ರೂ ಆಗಲ್ಲ."

"ನೀನು ಮನಸ್ಸು ಮಾಡಿದ್ರೆ?"

"ಹೊಸ ಮಾಸ್ಟರ್ ಕೀ ನನ್ನ ಹತ್ರಾನೇ ಇದೆಯಲ್ಲ," ಎಂದೆ. "ನಾನು ಕೂತ್ರೆ ಅಳಿಸಬಹುದು."

"ಹೌದಲ್ವಾ," ಎಂದಳು. ದನಿ ಇಳಿದಿತ್ತು. "ಮತ್ತೆ ಆ ನಲವತ್ತೊಂದು?"

"ಇವೆ ಅಕ್ಕಾ. ಇರ್ತವೆ. ಬಣ್ಣದ ಅಂಗಡಿಯವನ ಮೇಲಾಣೆ."

ಅವಳು ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಅಲ್ಲಿ ಬಾಗಿಲು ತೆರೆದ ಸದ್ದು, ನರ್ಸಿನ ದನಿ: "ಅಮ್ಮ ಬೇಕಂತೆ, ಅಮ್ಮ ಯಾರು? ಬೇಗ ಬನ್ನಿ, ಹೊತ್ತಿಲ್ಲ." ಫೋನ್ ಯಾವುದಕ್ಕೋ ತಾಗಿ ಟಕ್ಕೆಂದಿತು. ಆಮೇಲೆ ಅಕ್ಕನ ಚಪ್ಪಲಿಯ ಓಟ.

"ಅಕ್ಕಾ," ಎಂದೆ. "ಅಕ್ಕಾ, ರೈಲು?"

ಕಟ್ ಆಗಿರಲಿಲ್ಲ. ನಾನೂ ಕಟ್ ಮಾಡಲಿಲ್ಲ. ಗಾಲಿಯ ಬಂಡಿಯೊಂದು ಕಿರುಗುಟ್ಟುತ್ತಾ ಹೋಯಿತು. ಯಾರೋ ಯಾರಿಗೋ ಬಿಸಿನೀರು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಕೆಳಗೆ ಲಾಂಡ್ರಿಯವರು ಬಾಗಿಲು ಎಳೆದರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಆ ಖಾಲಿ ಕಾರಿಡಾರನ್ನು ಕೇಳುತ್ತಾ ಕೂತೆ. ಹೊಸಬ ಒಂದು ಸಲ ಏನೋ ಕೇಳಿದ, ಹ್ಞೂಂ ಎನ್ನುವ ಮೊದಲು ಎರಡು ಸಲ ಓದಿದೆ.

ಮುಕ್ಕಾಲು ಗಂಟೆಯಾದ ಮೇಲೆ ಯಾರೋ ಫೋನ್ ಎತ್ತಿಕೊಂಡರು. ಅಳಿಯ.

"ಅಯ್ಯೋ, ಇನ್ನೂ ಲೈನಲ್ಲೇ ಇದೀರಾ?" ಅವನ ದನಿ ಒಡೆದಿತ್ತು. ಜೀವಮಾನದಲ್ಲಿ ಅವನು ನನ್ನ ಜೊತೆ ಆಡಿದ ಅತಿ ಉದ್ದದ ಮಾತು ಅದಾದ ಮೇಲೆ ಬಂದದ್ದು. "ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ಅತ್ತೆ ಎತ್ಕೊಂಡು ಕೂತಿದ್ದಾರೆ, ಯಾರಿಗೂ ಕೊಡ್ತಿಲ್ಲ. ನೀವು ಕಾಯ್ತಿರಬಹುದು, ಫೋನ್ ತಂದುಕೊಡಲಾ ಅಂತ ಕೇಳಿದೆ."

"ಏನಂದಳು?"

"'ಯಾರ ಫೋನು?' ಅಂದ್ರು."